ನ್ಯೂಯಾರ್ಕಿನಲ್ಲಿ ಆಗ ಎಷ್ಟು ಗಂಟೆ? ಹುಬ್ಬಳ್ಳಿ-ಧಾರವಾಡದಿಂದ ಹುಡುಕುವವರಿಗೆ ಸಾಧನಗಳ ಹೋಲಿಕೆ

ಅಮೆರಿಕದ ಕಂಪನಿಯೊಂದರಿಂದ ಸಂದರ್ಶನದ ಮೇಲ್ ಬರುತ್ತದೆ: ಜುಲೈ 15, ಬೆಳಿಗ್ಗೆ 10 ಗಂಟೆ, ಇಎಸ್‌ಟಿ. ವಿದ್ಯಾನಗರದ ಕೋಣೆಯಲ್ಲಿ ಕೂತ ಅಭ್ಯರ್ಥಿ ಆ ಮೂರಕ್ಷರವನ್ನು ಹಾಗೇ ಒಂದು ಸಮಯ ಪರಿವರ್ತಕಕ್ಕೆ ಹಾಕಿದರೆ ರಾತ್ರಿ 8:30 ಎಂಬ ಉತ್ತರ ಸಿಗಬಹುದು. ಅತ್ತ ಕಡೆಯವರು ನಮ್ಮ 7:30ಕ್ಕೇ ಕೂತು, ಕಾಯ್ದು, ಎದ್ದು ಹೋಗಿರುತ್ತಾರೆ. ಪರಿವರ್ತಕ ಕೂಡಿಸಿದ್ದರಲ್ಲಿ ತಪ್ಪಿಲ್ಲ. ಇಎಸ್‌ಟಿ ಎಂದರೆ ನ್ಯೂಯಾರ್ಕಿನ ಚಳಿಗಾಲದ ವೇಳೆ. ಜುಲೈಯಲ್ಲಿ ಅಲ್ಲಿಯ ಗಡಿಯಾರ ನಡೆಯುವುದು ಇಡಿಟಿಯಲ್ಲಿ, ಅಂದರೆ ಒಂದು ತಾಸು ಮುಂದಿಟ್ಟ ಬೇಸಿಗೆ ವೇಳೆಯಲ್ಲಿ. ಮೇಲ್ ಬರೆದವರು ರೂಢಿಯ ಮೇಲೆ ಇಎಸ್‌ಟಿ ಎಂದರು, ಸಾಧನ ಅದನ್ನು ಅಕ್ಷರಶಃ ಓದಿತು.

ಆದ್ದರಿಂದ ಸಾಧನ ಆರಿಸುವಾಗ ಪರದೆಯ ಅಂದಚೆಂದ ಬಿಟ್ಟು ಎರಡೇ ಸಂಗತಿ ನೋಡಿದರೆ ಸಾಕು. ಅದು ಊರಿನ ಹೆಸರು ಕೇಳುತ್ತದೆಯೇ? ದಿನಾಂಕ ಕೇಳುತ್ತದೆಯೇ? ಎರಡನ್ನೂ ಕೇಳದ ಸಾಧನ ವರ್ಷದಲ್ಲಿ ಹಲವು ವಾರ ಸುಳ್ಳು ಹೇಳುತ್ತದೆ.

ನಮ್ಮ ಮುಳ್ಳು ನಿಂತಲ್ಲೇ, ಅವರದು ಜರುಗುವುದು

ಭಾರತದ ವೇಳೆ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಯುಟಿಸಿಗಿಂತ (ಜಗತ್ತಿನ ವೇಳೆಗಳನ್ನೆಲ್ಲ ಅಳೆಯುವ ಆಧಾರ ವೇಳೆ) ಐದೂವರೆ ತಾಸು ಮುಂದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಇದನ್ನು ಒಂದು ತಾಸು ಮುಂದಿಟ್ಟಿದ್ದರು. ಅದಾದ ಮೇಲೆ ಯಾರೂ ಮುಟ್ಟಿಲ್ಲ. ಹೀಗಾಗಿ ಗಡಿಯಾರ ತಿರುಗಿಸುವುದು ಅಮೆರಿಕದವರು, ಪಾಳಿ ಬದಲಾಗುವುದು ಹುಬ್ಬಳ್ಳಿಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಂಜೆ 6:30ಕ್ಕೆ ಶುರುವಾಗುತ್ತಿದ್ದ ಪಾಳಿ ನವೆಂಬರಿನಲ್ಲಿ 7:30ಕ್ಕೆ ಹೋಗುತ್ತದೆ. ಅದು ಮುಗಿಯುವ ಹೊತ್ತೂ ಅಷ್ಟೇ ಜರುಗುವುದರಿಂದ ಮನೆಗೆ ಬಿಡುವ ಗಾಡಿಯ ವೇಳೆಯನ್ನೂ ಬದಲಿಸಬೇಕು.

ಕೆಳಗಿನ ಪಟ್ಟಿಯಲ್ಲಿ ನಮಗೂ ಆ ಊರಿಗೂ ಇರುವ ಅಂತರ ತಾಸು-ನಿಮಿಷದಲ್ಲಿದೆ.

| ಊರು | ಸಾಮಾನ್ಯ ವೇಳೆ ಇದ್ದಾಗ | ಬೇಸಿಗೆ ವೇಳೆ ಇದ್ದಾಗ |
|---|---|---|
| ನ್ಯೂಯಾರ್ಕ್, ನ್ಯೂಜೆರ್ಸಿ | 10:30 ಹಿಂದೆ | 9:30 ಹಿಂದೆ |
| ಶಿಕಾಗೊ, ಡಲ್ಲಾಸ್ | 11:30 ಹಿಂದೆ | 10:30 ಹಿಂದೆ |
| ಕ್ಯಾಲಿಫೋರ್ನಿಯಾ | 13:30 ಹಿಂದೆ | 12:30 ಹಿಂದೆ |
| ಫೀನಿಕ್ಸ್ | 12:30 ಹಿಂದೆ | ಬದಲಾವಣೆ ಇಲ್ಲ |
| ಲಂಡನ್ | 5:30 ಹಿಂದೆ | 4:30 ಹಿಂದೆ |
| ಫ್ರಾಂಕ್‌ಫರ್ಟ್ | 4:30 ಹಿಂದೆ | 3:30 ಹಿಂದೆ |
| ದುಬೈ | 1:30 ಹಿಂದೆ | ಬದಲಾವಣೆ ಇಲ್ಲ |
| ಸಿಡ್ನಿ, ಮೆಲ್ಬರ್ನ್ | 4:30 ಮುಂದೆ | 5:30 ಮುಂದೆ |
| ಬ್ರಿಸ್ಬೇನ್ | 4:30 ಮುಂದೆ | ಬದಲಾವಣೆ ಇಲ್ಲ |

ಅಮೆರಿಕದಲ್ಲಿ ಬೇಸಿಗೆ ವೇಳೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಶುರುವಾಗಿ ನವೆಂಬರಿನ ಮೊದಲ ಭಾನುವಾರ ಮುಗಿಯುತ್ತದೆ. ಈ ಕ್ರಮ 2007ರಿಂದ ಬಂದದ್ದು. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ. ಸಿಡ್ನಿ, ಮೆಲ್ಬರ್ನ್ ಕಡೆ ಇದು ತಿರುವುಮುರುವು: ಅಕ್ಟೋಬರಿನ ಮೊದಲ ಭಾನುವಾರ ಶುರು, ಏಪ್ರಿಲ್‌ನ ಮೊದಲ ಭಾನುವಾರ ಕೊನೆ.

ಗೊಂದಲವೆಲ್ಲ ಹುಟ್ಟುವುದು ಈ ದಿನಗಳ ನಡುವಿನ ಸಂದಿಯಲ್ಲಿ. 2026ರಲ್ಲಿ ಮಾರ್ಚ್ 8ರಿಂದ 29ರವರೆಗಿನ ಮೂರು ವಾರ ಅಮೆರಿಕ ಮುಂದೆ ಸರಿದಿರುತ್ತದೆ, ಯುರೋಪ್ ಸರಿದಿರುವುದಿಲ್ಲ. ಆ ವರ್ಷದ ಯುಗಾದಿ, ಮಾರ್ಚ್ 19, ಈ ಸಂದಿಯಲ್ಲೇ ಬೀಳುತ್ತದೆ. ನ್ಯೂಜೆರ್ಸಿಯ ಮಗಳು, ಲಂಡನ್ನಿನ ಮಗ, ಧಾರವಾಡದ ತಂದೆತಾಯಿ ಒಟ್ಟಿಗೆ ವಿಡಿಯೊ ಕರೆಗೆ ಕೂರಬೇಕಾದರೆ ಫೆಬ್ರುವರಿಯಲ್ಲಿ ಹೊಂದಿದ್ದ ಲೆಕ್ಕ ಆ ದಿನ ಹೊಂದುವುದಿಲ್ಲ. ಶರತ್ಕಾಲದ ಸಂದಿ ಚಿಕ್ಕದು, ಒಂದೇ ವಾರ: 2026ರಲ್ಲಿ ಅಕ್ಟೋಬರ್ 25ರಿಂದ ನವೆಂಬರ್ 1. ಮುಂದಿನ ವರ್ಷ, 2027ರಲ್ಲಿ, ಮಾರ್ಚ್ 14ರಿಂದ 28 ಮತ್ತು ಅಕ್ಟೋಬರ್ 31ರಿಂದ ನವೆಂಬರ್ 7. ಲಂಡನ್ನಿಗೂ ನ್ಯೂಯಾರ್ಕಿಗೂ ವರ್ಷವಿಡೀ ಐದು ತಾಸಿನ ಅಂತರವಾದರೆ ಈ ವಾರಗಳಲ್ಲಿ ಮಾತ್ರ ನಾಲ್ಕು.

ಸಾಧನವನ್ನು ಒರೆಗೆ ಹಚ್ಚುವ ಲೆಕ್ಕಗಳು

ಹೊಸ ಆ್ಯಪ್, ಹೊಸ ವೆಬ್‌ಸೈಟ್, ಚಾಟ್‌ಬಾಟ್ ಯಾವುದೇ ಇರಲಿ, ನಂಬುವ ಮೊದಲು ಈ ಲೆಕ್ಕಗಳನ್ನು ಕೇಳಿ ನೋಡಿ. ಐದು ನಿಮಿಷದ ಕೆಲಸ.

ಮೊದಲನೆಯದು ಸಂದಿಯ ಲೆಕ್ಕ. 2026ರ ಅಕ್ಟೋಬರ್ 28ರಂದು ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆಗೆ ಇಲ್ಲಿ ಸಂಜೆ 6:30. ಅದೇ ದಿನ ಲಂಡನ್ನಿನ ಮಧ್ಯಾಹ್ನ 2 ಗಂಟೆಗೆ ಇಲ್ಲಿ ಸಂಜೆ 7:30. ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಆ ಸಾಧನ ದಿನಾಂಕವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಎರಡನೆಯದು ಅರಿಜೋನಾ. ಜುಲೈ 15ರ ಬೆಳಿಗ್ಗೆ 9 ಗಂಟೆ ಡೆನ್ವರಿನಲ್ಲಾದರೆ ಇಲ್ಲಿ ರಾತ್ರಿ 8:30, ಫೀನಿಕ್ಸಿನಲ್ಲಾದರೆ 9:30. ಎರಡೂ ಊರು ಅಮೆರಿಕದ ಮೌಂಟನ್ ಟೈಮ್ ಎಂಬ ವಲಯದವೇ, ಆದರೆ ಅರಿಜೋನಾದವರು ಗಡಿಯಾರ ಮುಟ್ಟುವುದಿಲ್ಲ. (ಆ ರಾಜ್ಯದೊಳಗೇ ಇರುವ ನವಾಹೊ ನಾಡಿನವರು ಮುಟ್ಟುತ್ತಾರೆ, ಅದು ಬೇರೆಯೇ ತಕರಾರು.) ಪಟ್ಟಿಯಲ್ಲಿ ಬರೀ ಮೌಂಟನ್ ಟೈಮ್ ಎಂದಿದ್ದು ಊರಿನ ಹೆಸರಿಲ್ಲದಿದ್ದರೆ ಅಲ್ಲಿಗೇ ಬಿಡಿ.

ಮೂರನೆಯದು ಮೆಕ್ಸಿಕೊ ಸಿಟಿ. ಅಲ್ಲಿ 2022ರ ಅಕ್ಟೋಬರಿನಲ್ಲಿ ಬೇಸಿಗೆ ವೇಳೆಯನ್ನೇ ತೆಗೆದುಹಾಕಿದರು. ಜುಲೈ 15ರ ಬೆಳಿಗ್ಗೆ 9ಕ್ಕೆ ಇಲ್ಲಿ ರಾತ್ರಿ 8:30 ಆಗಬೇಕು. 7:30 ಎಂದರೆ ಸಾಧನದೊಳಗಿನ ಮಾಹಿತಿ ಹಳತು. ಜಗತ್ತಿನ ಬಹುಪಾಲು ಫೋನುಗಳು, ವಿಂಡೋಸ್ ಬಿಟ್ಟು ಉಳಿದ ಕಂಪ್ಯೂಟರುಗಳು ಟೈಮ್ ಝೋನ್ ನಿಯಮಗಳನ್ನು ಐಎಎನ್‌ಎ ಎಂಬ ಸಂಸ್ಥೆಯ ಒಂದೇ ಮಾಹಿತಿಕೋಶದಿಂದ ಎತ್ತಿಕೊಳ್ಳುತ್ತವೆ. ಯಾವುದಾದರೂ ದೇಶ ನಿಯಮ ಬದಲಿಸಿದಾಗ ಅದರ ಹೊಸ ಆವೃತ್ತಿ ಬರುತ್ತದೆ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ.

ನಾಲ್ಕನೆಯದು ತುಸು ಕುಹಕದ್ದು. 2026ರ ನವೆಂಬರ್ 1ರ ನಸುಕಿನ 1:30 ನ್ಯೂಯಾರ್ಕಿನಲ್ಲಿ ಎರಡು ಸಲ ಬರುತ್ತದೆ. ಮೊದಲನೆಯದಕ್ಕೆ ಇಲ್ಲಿ ಬೆಳಿಗ್ಗೆ 11:00, ಎರಡನೆಯದಕ್ಕೆ ಮಧ್ಯಾಹ್ನ 12:00. ಒಳ್ಳೆಯ ಸಾಧನ ಯಾವುದು ಬೇಕು ಎಂದು ಕೇಳುತ್ತದೆ, ಇಲ್ಲವೇ ಉತ್ತರದ ಪಕ್ಕ ಇಡಿಟಿ ಅಥವಾ ಇಎಸ್‌ಟಿ ಎಂದು ನಮೂದಿಸುತ್ತದೆ. ಉಳಿದವು ಸದ್ದಿಲ್ಲದೆ ಒಂದನ್ನು ಆರಿಸಿಬಿಡುತ್ತವೆ. ಮಾರ್ಚಿನಲ್ಲಿ ಇದರ ಉಲ್ಟಾ: 2027ರ ಮಾರ್ಚ್ 14ರ ನಸುಕಿನ 2:30 ಅಲ್ಲಿ ಇರುವುದೇ ಇಲ್ಲ, 2:00 ಆಗುತ್ತಲೇ ಮುಳ್ಳು 3:00ಕ್ಕೆ ಹಾರುತ್ತದೆ.

ಕಾಠ್ಮಂಡುವನ್ನೂ ಒಮ್ಮೆ ಕೇಳಬಹುದು. ಅಲ್ಲಿ ಬೆಳಿಗ್ಗೆ 9 ಎಂದರೆ ಇಲ್ಲಿ 8:45. ಇಡೀ ತಾಸುಗಳನ್ನಷ್ಟೇ ಬಲ್ಲ ಸಾಧನಗಳು ಇಲ್ಲಿ ಮುಗ್ಗರಿಸುತ್ತವೆ. ಹಾಗೆ ನೋಡಿದರೆ ನಮ್ಮ ಅರ್ಧ ತಾಸನ್ನೇ ಮರೆತ ಪಟ್ಟಿಗಳೂ ಉಂಟು.

ಯಾವುದನ್ನು ಎಲ್ಲಿ ಬಳಸುವುದು

ಫೋನಿನ ವಿಶ್ವ ಗಡಿಯಾರ ಈ ಕ್ಷಣದ್ದಕ್ಕೆ ಮಾತ್ರ. ಈಗ ಕರೆ ಮಾಡಿದರೆ ಮಗ ಮಲಗಿರುತ್ತಾನೋ ಎದ್ದಿರುತ್ತಾನೋ ಎಂದು ತಿಳಿಯಲು ಅದಕ್ಕಿಂತ ಚಲೋದು ಬೇರೆ ಬೇಡ. ಮುಂದಿನ ವಾರದ ಸಭೆಗೆ ಅದನ್ನು ನೋಡಿ ಅಂತರ ಎಣಿಸಬೇಡಿ. ನಡುವೆ ಭಾನುವಾರವೊಂದು ಬಂದರೆ ಎಣಿಕೆ ಕೆಡುತ್ತದೆ.

ಗೂಗಲ್ ಹುಡುಕಾಟದ ಪೆಟ್ಟಿಗೆ ಬೇಗದ್ದು, ಆದರೆ ಕೇಳುವ ಬಗೆ ಗೊತ್ತಿರಬೇಕು. ಇಎಸ್‌ಟಿ, ಸಿಎಸ್‌ಟಿ, ಬಿಎಸ್‌ಟಿ ಎಂಬ ಅಕ್ಷರಗಳನ್ನು ಹಾಕಲೇಬೇಡಿ. ಸಿಎಸ್‌ಟಿ ಎಂದರೆ ಶಿಕಾಗೊ ಕಡೆಯದೂ ಆಗಬಹುದು, ಚೀನಾದ್ದೂ ಆಗಬಹುದು. ಬಿಎಸ್‌ಟಿ ಬ್ರಿಟನ್ನಿನ ಬೇಸಿಗೆಗೂ ಬಾಂಗ್ಲಾದೇಶಕ್ಕೂ ಇದೆ. ನಮ್ಮ ಐಎಸ್‌ಟಿಯೇ ಐರ್ಲೆಂಡಿಗೂ ಇಸ್ರೇಲಿಗೂ ಸಲ್ಲುತ್ತದೆ. ಗಂಟೆ, ಊರು, ದಿನಾಂಕ ಮೂರನ್ನೂ ಸೇರಿಸಿ ಕೇಳಿ: ನ್ಯೂಯಾರ್ಕಿನಲ್ಲಿ ನವೆಂಬರ್ 3ರಂದು ಬೆಳಿಗ್ಗೆ 10 ಆದಾಗ ಹುಬ್ಬಳ್ಳಿಯಲ್ಲಿ ಎಷ್ಟು, ಎಂಬ ಧಾಟಿಯಲ್ಲಿ. ಉತ್ತರದ ಪೆಟ್ಟಿಗೆಯಲ್ಲಿ ನೀವು ಕೇಳಿದ ದಿನಾಂಕ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಇಂದಿನ ಅಂತರದಲ್ಲೇ ಲೆಕ್ಕ ಹಾಕಿರಬಹುದೆಂದು ತಿಳಿದು ಬೇರೆಡೆ ಪರೀಕ್ಷಿಸಿ. ಹುಬ್ಬಳ್ಳಿಯ ಹೆಸರು ಸಿಗದ ಪಟ್ಟಿಗಳಲ್ಲಿ ಬೆಂಗಳೂರು, ಮುಂಬಯಿ, ಕೋಲ್ಕತ್ತಾ ಯಾವುದು ಹಾಕಿದರೂ ನಡೆಯುತ್ತದೆ, ದೇಶಕ್ಕೆಲ್ಲ ಒಂದೇ ವೇಳೆ.

ದಿನಾಂಕ ಹಿಡಿದು ನಿಖರವಾಗಿ ಬೇಕೆಂದರೆ ನಾರ್ವೆಯ ಟೈಮ್ ಆ್ಯಂಡ್ ಡೇಟ್ ಜಾಲತಾಣ ಮೊದಲ ಆಯ್ಕೆ. ಅದರ ಪರಿವರ್ತಕ ಊರು ಮತ್ತು ದಿನ ಎರಡನ್ನೂ ಕೇಳುತ್ತದೆ, ಉತ್ತರದ ಜೊತೆಗೆ ಬೇಸಿಗೆ ವೇಳೆ ಇದೆಯೋ ಇಲ್ಲವೋ ತಿಳಿಸುತ್ತದೆ. ಮೀಟಿಂಗ್ ಪ್ಲಾನರ್ ಎಂಬ ಭಾಗದಲ್ಲಿ ಮೂರ್ನಾಲ್ಕು ಊರು ಹಾಕಿದರೆ ತಾಸಿಗೊಂದು ಸಾಲು ಬಣ್ಣದಲ್ಲಿ ಬರುತ್ತದೆ: ಯಾರಿಗೆ ಕಚೇರಿಯ ಹೊತ್ತು, ಯಾರಿಗೆ ನಿದ್ದೆಯ ಹೊತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಜಾಹೀರಾತು ಹೆಚ್ಚು, ನಿಧಾನದ ನೆಟ್‌ವರ್ಕಿನಲ್ಲಿ ಅದೊಂದು ಕಿರಿಕಿರಿ.

ವರ್ಲ್ಡ್ ಟೈಮ್ ಬಡ್ಡಿಯಲ್ಲಿ ಊರುಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ, ಅಡ್ಡಕ್ಕೆ ಎಳೆದು ಹೊತ್ತು ಆರಿಸಬಹುದು. ದಿನವೂ ಎರಡು ಮೂರು ದೇಶದವರ ಜೊತೆ ಕೆಲಸ ಮಾಡುವವರಿಗೆ ಕೈಗೆ ಹತ್ತುವುದು ಇದೇ. ಉಚಿತವಾಗಿ ಸೇರಿಸಬಹುದಾದ ಊರುಗಳಿಗೆ ಮಿತಿ ಇದೆ. ಇಲ್ಲಿ ಆಗುವ ತಪ್ಪು ಒಂದೇ: ಮೇಲೆ ದಿನಾಂಕ ಬದಲಿಸದೆ ಇಂದಿನ ಸಾಲಿನ ಮೇಲೇ ಮೂರು ವಾರ ಮುಂದಿನ ಸಭೆ ಗೊತ್ತುಮಾಡುವುದು.

ಚಾಟ್‌ಬಾಟ್‌ಗಳು ಅಂತರವನ್ನು ನೆನಪಿನಿಂದ ಹೇಳಿ, ಆತ್ಮವಿಶ್ವಾಸದಿಂದ ಕೂಡಿಸಿ ತಪ್ಪುವುದುಂಟು, ಅದೂ ಸಂದಿಯ ವಾರಗಳಲ್ಲಿ. ಕೇಳಲೇಬೇಕಿದ್ದರೆ ಆ ದಿನ ಆ ಊರಿಗೆ ಯುಟಿಸಿಯಿಂದ ಎಷ್ಟು ಅಂತರ ಎಂಬುದನ್ನು ಮೊದಲು ಹೇಳಿಸಿ, ಮೇಲಿನ ಪಟ್ಟಿಗೆ ಹೋಲಿಸಿ, ಆಮೇಲೆ ಉತ್ತರ ಒಪ್ಪಿ.

ಎಕ್ಸೆಲ್ ಹಾಳೆಯಲ್ಲಿ ಹತ್ತೂವರೆ ತಾಸು ಕೂಡಿಸುವ ಸೂತ್ರ ಬರೆದಿಟ್ಟವರು ಬಹಳ. ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುವವರ ಹಾಳೆಯಲ್ಲಿ ದುಬೈ ಸಾಲಿಗೆ ಅಂಥ ಸೂತ್ರ ಧಾರಾಳವಾಗಿ ನಡೆಯುತ್ತದೆ, ಅಲ್ಲಿ ಒಂದೂವರೆ ತಾಸು ಯಾವ ಕಾಲಕ್ಕೂ ಒಂದೂವರೆ ತಾಸೇ. ಜರ್ಮನಿಯ ಸಾಲಿಗೆ ಅದು ವರ್ಷಕ್ಕೆ ಎರಡು ಸಲ ಮುರಿಯುತ್ತದೆ. ಪ್ರತಿ ದಿನಾಂಕಕ್ಕೂ ಬೇಸಿಗೆ ವೇಳೆಯ ಆರಂಭ, ಅಂತ್ಯ ನೋಡಿ ಅಂತರ ಆರಿಸುವಂತೆ ಎರಡು ಕಾಲಂ ಹೆಚ್ಚಿಗೆ ಇಟ್ಟುಕೊಳ್ಳಿ.

ಕ್ಯಾಲೆಂಡರ್: ಪುನರಾವರ್ತನೆಯ ಸಭೆಗೆ ಇದೊಂದೇ ದಾರಿ

ಒಂದೇ ಸಲದ ಕರೆಗೆ ಯಾವ ಪರಿವರ್ತಕವೂ ಆದೀತು. ಪ್ರತಿ ಮಂಗಳವಾರ ನಡೆಯುವ ಸಭೆಗೆ ಪರಿವರ್ತಕ ಹಿಡಿದರೆ ಮಾರ್ಚ್, ನವೆಂಬರ್‌ಗಳಲ್ಲಿ ಪೆಟ್ಟು ತಿನ್ನುತ್ತೀರಿ. ಅದಕ್ಕೆ ಗೂಗಲ್ ಕ್ಯಾಲೆಂಡರ್ ಅಥವಾ ಔಟ್‌ಲುಕ್ ಬೇಕು.

ಗೂಗಲ್ ಕ್ಯಾಲೆಂಡರನ್ನು ಕಂಪ್ಯೂಟರಿನಲ್ಲಿ ತೆರೆದು ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ವಿಭಾಗಕ್ಕೆ ಹೋಗಿ, ಎರಡನೇ ಟೈಮ್ ಝೋನ್ ತೋರಿಸುವ ಚೌಕಕ್ಕೆ ಗುರುತು ಹಾಕಿ, ನ್ಯೂಯಾರ್ಕ್ ಆರಿಸಿ. ದಿನದ ಎಡಬದಿಗೆ ಎರಡು ಗಂಟೆಗಳ ಪಟ್ಟಿ ಬರುತ್ತದೆ. ವಾರ ಮುಂದೆ ಸರಿಸಿದಂತೆ ಅಲ್ಲಿಯ ಗಂಟೆ ತಾನಾಗಿ ಬದಲಾಗುವುದನ್ನು 2026ರ ನವೆಂಬರ್ 1ರ ಆಚೀಚೆ ನೋಡಬಹುದು.

ಮುಖ್ಯ ಸಂಗತಿ ಮುಂದಿದೆ. ಪುನರಾವರ್ತನೆಯ ಸಭೆಯನ್ನು ಯಾವ ಟೈಮ್ ಝೋನಿಗೆ ಕಟ್ಟಿದ್ದೀರೋ ಅಲ್ಲಿ ಗಂಟೆ ಸ್ಥಿರ, ಉಳಿದವರಿಗೆಲ್ಲ ಜರುಗುತ್ತದೆ. ಹುಬ್ಬಳ್ಳಿಯ ಟೀಮ್ ಲೀಡರ್ ಆಗಸ್ಟಿನಲ್ಲಿ ಸಂಜೆ 6:30ಕ್ಕೆ ತನ್ನ ಕ್ಯಾಲೆಂಡರಿನಿಂದ ಸಭೆ ಮಾಡಿದರೆ ನ್ಯೂಯಾರ್ಕಿನವರಿಗೆ ಅದು ಬೆಳಿಗ್ಗೆ 9. ನವೆಂಬರಿನಲ್ಲಿ ಇಲ್ಲಿ 6:30 ಆಗೇ ಉಳಿಯುತ್ತದೆ, ಅಲ್ಲಿ 8 ಆಗುತ್ತದೆ. ಗ್ರಾಹಕ ಎದ್ದು ಕಾಫಿ ಕುಡಿಯುವ ಮೊದಲೇ ಸಭೆ. ಅದನ್ನೇ ಗ್ರಾಹಕರು ಮಾಡಿದರೆ ಅಲ್ಲಿ 9 ಸ್ಥಿರ, ಇಲ್ಲಿ 7:30ಕ್ಕೆ ಹೋಗುತ್ತದೆ. ಯಾರ ಗಂಟೆ ಜರುಗಬಾರದೋ ಅವರ ಟೈಮ್ ಝೋನಿಗೆ ಕಟ್ಟಬೇಕು. ಸಭೆ ಮಾಡುವ ಪರದೆಯಲ್ಲಿ ಗಂಟೆಯ ಪಕ್ಕ ಟೈಮ್ ಝೋನ್ ಎಂಬ ಕೊಂಡಿ ಇದೆ. ನೀವು ಹುಬ್ಬಳ್ಳಿಯಲ್ಲಿ ಕೂತಿದ್ದರೂ ಅಲ್ಲಿ ನ್ಯೂಯಾರ್ಕ್ ಆರಿಸಬಹುದು. ಮೂರು ದೇಶದವರಿದ್ದರೆ ಸಂದಿಯ ವಾರಗಳಲ್ಲಿ ಒಬ್ಬರಿಗಂತೂ ಬೇರೆ ಸಭೆಯ ಜೊತೆ ತಾಗುತ್ತದೆ, ಅದಕ್ಕೆ ಸಾಧನದಲ್ಲಿ ಮದ್ದಿಲ್ಲ, ಮುಂಚೆ ತಿಳಿಸಿಡುವುದೇ ಸರಿ.

ಔಟ್‌ಲುಕ್ ಬಳಸುವವರಿಗೆ ಒಂದು ಮಾತು. ವಿಂಡೋಸಿನ ಪಟ್ಟಿಯಲ್ಲಿ ಈಸ್ಟರ್ನ್ ಟೈಮ್ (ನ್ಯೂಯಾರ್ಕಿನ ವೇಳೆ) ಎದುರು ಯುಟಿಸಿ −05:00 ಎಂದು ಜುಲೈಯಲ್ಲೂ ಬರೆದಿರುತ್ತದೆ. ಅದು ಚಳಿಗಾಲದ ಅಂತರದ ಹಣೆಪಟ್ಟಿ ಮಾತ್ರ, ಒಳಗಿನ ಲೆಕ್ಕ ಬೇಸಿಗೆಗೆ ತಕ್ಕಂತೆಯೇ ನಡೆಯುತ್ತದೆ. ಇದನ್ನು ಕಂಡು ತಪ್ಪೆಂದು ಭಾವಿಸಿ −04:00 ಇರುವ ಬೇರೆ ಸಾಲನ್ನು ಆರಿಸಿದರೆ ಆಗ ನಿಜವಾಗಿಯೂ ಕೆಡುತ್ತದೆ. ಪ್ರೋಗ್ರಾಮರುಗಳಿಗೆ ಇನ್ನೊಂದು ಗುಂಡಿ: ಐಎಎನ್‌ಎ ಹೆಸರುಗಳಲ್ಲಿ ಇಟಿಸಿ ಗುಂಪಿನವುಗಳ ಚಿಹ್ನೆ ತಲೆಕೆಳಗು. ಇಟಿಸಿ/ಜಿಎಂಟಿ+5 ಎಂದರೆ ಗ್ರೀನಿಚ್‌ಗಿಂತ ಐದು ತಾಸು ಹಿಂದೆ. ಅವನ್ನು ಮುಟ್ಟದೆ ಅಮೆರಿಕ/ನ್ಯೂಯಾರ್ಕ್, ಏಷ್ಯಾ/ಕೋಲ್ಕತ್ತಾ ಎಂಬ ಊರಿನ ಹೆಸರುಗಳನ್ನೇ ಬಳಸಿ.

ಮೇಲ್ ಜೊತೆ ಬರುವ ಕ್ಯಾಲೆಂಡರ್ ಫೈಲನ್ನು ತೆರೆದರೆ ನಮ್ಮ ವೇಳೆಗೆ ತಾನೇ ತಿರುಗಿಕೊಳ್ಳುತ್ತದೆ. ಮೇಲ್ ಒಳಗೆ ಬರೆದ ಗಂಟೆಗೂ ಆ ಫೈಲಿಗೂ ತಾಳೆಯಾಗದಿದ್ದರೆ ಊಹೆ ಬೇಡ, ಕೇಳಿಬಿಡಿ. ಕೇಳುವಾಗ ನಮ್ಮ ಗಂಟೆಯನ್ನೂ ಅವರ ಊರಿನ ಗಂಟೆಯನ್ನೂ ಯುಟಿಸಿಯನ್ನೂ ಒಂದೇ ಸಾಲಿನಲ್ಲಿ ಬರೆಯಿರಿ.

ಕೊನೆಯ ದಿನಾಂಕಗಳು

ಧಾರವಾಡದಿಂದ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರಿಗೆ ರಾತ್ರಿ 11:59 ಎಂಬುದು ದೊಡ್ಡ ತಲೆನೋವು. ಡಿಸೆಂಬರ್ 1ರ ರಾತ್ರಿ 11:59, ಈಸ್ಟರ್ನ್ ಟೈಮ್ ಎಂದಿದ್ದರೆ ನಮ್ಮಲ್ಲಿ ಡಿಸೆಂಬರ್ 2ರ ಬೆಳಿಗ್ಗೆ 10:29. ಪೆಸಿಫಿಕ್, ಅಂದರೆ ಕ್ಯಾಲಿಫೋರ್ನಿಯಾದ ವೇಳೆ, ಎಂದಿದ್ದರೆ ಮಧ್ಯಾಹ್ನ 1:29. ಸಂಶೋಧನಾ ಸಮ್ಮೇಳನಗಳ ಪ್ರಕಟಣೆಯಲ್ಲಿ ಎಒಇ ಎಂದು ಕಂಡರೆ ಭೂಮಿಯ ಮೇಲೆ ಎಲ್ಲಾದರೂ ಆ ದಿನ ಉಳಿದಿರುವ ತನಕ ಎಂದರ್ಥ, ಯುಟಿಸಿಗಿಂತ 12 ತಾಸು ಹಿಂದೆ. ಆಗ ಮರುದಿನ ಸಂಜೆ 5:29ರವರೆಗೆ ಅವಕಾಶ. ಈ ಎಒಇಗೆ ಬೇಸಿಗೆ ಚಳಿಗಾಲಗಳ ಹಂಗಿಲ್ಲ.

ಆಗಸ್ಟಿನ ಗಡುವಿಗೆ ಇಎಸ್‌ಟಿ ಎಂದು ಬರೆದಿದ್ದರೆ ಅಕ್ಷರಶಃ ಮರುದಿನ 10:29, ಅವರ ಮನಸ್ಸಿನಲ್ಲಿರುವುದು ಬಹುಶಃ 9:29. ಇಂಥಲ್ಲಿ ಮುಂಚಿನದನ್ನೇ ಹಿಡಿಯಿರಿ. ಮಧ್ಯರಾತ್ರಿ 12:00 ಎಂದಷ್ಟೇ ಬರೆದಿದ್ದರೆ ಅದು ಆ ದಿನದ ಆರಂಭವೋ ಅಂತ್ಯವೋ ತಿಳಿಯದು. ಅಲ್ಲೂ ಆರಂಭವೆಂದೇ ಎಣಿಸುವುದು ಕ್ಷೇಮ.

ದಿನಾಂಕ ಹಾಕಿ ಹುಡುಕುವಾಗ ಯಾರ ದಿನ?

ಇದು ಬಹುತೇಕರ ಲಕ್ಷ್ಯಕ್ಕೇ ಬಾರದ ತೊಡಕು. ಹುಡುಕಾಟದಲ್ಲಿ ಮಾರ್ಚ್ 20 ಎಂದು ಹಾಕಿದರೆ ಆ ದಿನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪ್ರತಿ ಸಾಧನ ತನ್ನಿಷ್ಟದಂತೆ ತೀರ್ಮಾನಿಸಿದೆ.

ಎಕ್ಸ್, ಅಂದರೆ ಹಿಂದಿನ ಟ್ವಿಟರ್, ಸಿನ್ಸ್ ಮತ್ತು ಅಂಟಿಲ್ ಎಂಬ ಪದಗಳ ಮುಂದಿನ ದಿನಾಂಕವನ್ನು ಯುಟಿಸಿಯಲ್ಲಿ ಓದುತ್ತದೆ. ಅದರ ದಿನ ನಮ್ಮ ಬೆಳಿಗ್ಗೆ 5:30ಕ್ಕೆ ಹುಟ್ಟುತ್ತದೆ. ನಸುಕಿನ 4 ಗಂಟೆಗೆ ಹುಬ್ಬಳ್ಳಿಯಲ್ಲಿ ಮಳೆ ಸುರಿದು ಜನ ಚಿತ್ರ ಹಾಕಿದ್ದರೆ ಅವೆಲ್ಲ ಹಿಂದಿನ ದಿನದ ಖಾತೆಗೆ ಹೋಗಿರುತ್ತವೆ. ಅಂಟಿಲ್‌ಗೆ ಹಾಕಿದ ದಿನ ಸ್ವತಃ ಎಣಿಕೆಯಲ್ಲಿ ಬರುವುದಿಲ್ಲ ಎಂಬುದೂ ನೆನಪಿರಲಿ. 20ನೇ ತಾರೀಖಿನದು ಬೇಕಾದರೆ 19ರಿಂದ 21ರವರೆಗೆ ಹುಡುಕಿ, ಹೊರಗಿನದನ್ನು ಕೈಯಿಂದ ತೆಗೆಯಿರಿ.

ಜಿಮೇಲಿನಲ್ಲಿ ಎಪಿಐ (ಪ್ರೋಗ್ರಾಮುಗಳಿಗೆಂದು ಇರುವ ದ್ವಾರ) ಮೂಲಕ ಹುಡುಕುವ ಸ್ಕ್ರಿಪ್ಟ್ ಬರೆದವರಿಗೆ ಬೇರೆ ಆಟ. ಅಲ್ಲಿ ಆಫ್ಟರ್, ಬಿಫೋರ್ ಮುಂದಿನ ದಿನಾಂಕ ಪೆಸಿಫಿಕ್ ವೇಳೆಯ ಮಧ್ಯರಾತ್ರಿ, ಅಂದರೆ ನಮ್ಮ ಮಧ್ಯಾಹ್ನದ ಹೊತ್ತು. ತಿಂಗಳ ಮೊದಲ ದಿನ ಬೆಳಿಗ್ಗೆ ಬಂದ ಬಿಲ್ಲುಗಳು ಪಟ್ಟಿಯಲ್ಲಿ ಕಾಣೆಯಾಗುವುದು ಇದರಿಂದಲೇ. ದಾರಿ ಇದೆ: ದಿನಾಂಕದ ಬದಲು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳನ್ನು ಕೊಡಿ. ನಮ್ಮ ಮಧ್ಯರಾತ್ರಿ ಬೇಕಾದರೆ ಯುಟಿಸಿ ಮಧ್ಯರಾತ್ರಿಯ ಸೆಕೆಂಡಿನಿಂದ 19800 ಕಳೆಯಬೇಕು. 2026ರ ಏಪ್ರಿಲ್ 1 ನಮ್ಮಲ್ಲಿ ಶುರುವಾಗುವುದು 1774981800ಕ್ಕೆ. ಅದಕ್ಕೆ 86400 ಕೂಡಿಸಿದರೆ ಏಪ್ರಿಲ್ 2.

ಜಾಲತಾಣಕ್ಕೆ ಗೂಗಲ್ ಹುಡುಕಾಟದಿಂದ ಬಂದ ಕ್ಲಿಕ್ಕುಗಳನ್ನು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ದಿನವನ್ನು ಕ್ಯಾಲಿಫೋರ್ನಿಯಾದ ವೇಳೆಯಲ್ಲಿ ಎಣಿಸುತ್ತದೆ. ಅದರ ದಿನ ಅಲ್ಲಿ ಬೇಸಿಗೆ ವೇಳೆ ಇದ್ದಾಗ ನಮ್ಮ ಮಧ್ಯಾಹ್ನ 12:30ಕ್ಕೆ, ಇಲ್ಲದಾಗ 1:30ಕ್ಕೆ ಆರಂಭ. ಸ್ಥಳೀಯ ಸುದ್ದಿತಾಣವೊಂದು ಮಂಗಳವಾರ ಬೆಳಿಗ್ಗೆ 9ಕ್ಕೆ ಪ್ರಕಟಿಸಿದ ವರದಿಗೆ ಬಂದ ಮೊದಲ ಕ್ಲಿಕ್ಕುಗಳು ಅಲ್ಲಿ ಸೋಮವಾರಕ್ಕೆ ಸೇರುತ್ತವೆ. ಗೂಗಲ್ ಅನಾಲಿಟಿಕ್ಸ್‌ನಲ್ಲಾದರೆ ಟೈಮ್ ಝೋನ್ ನೀವೇ ಆರಿಸಬಹುದು; ಭಾರತ ಎಂದಿಟ್ಟರೆ ಅವೇ ಭೇಟಿಗಳು ಮಂಗಳವಾರ. ಎರಡರ ದಿನದ ಅಂಕಿ ಹೊಂದುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ವಾರದ ಮೊತ್ತ ಹೋಲಿಸಿದರೆ ಅಂತರ ಕಡಿಮೆಯಾಗುತ್ತದೆ. ಕನ್ಸೋಲಿನ 24 ತಾಸಿನ ನೋಟ ಮಾತ್ರ ನಿಮ್ಮ ಬ್ರೌಸರಿನ ವೇಳೆಯಲ್ಲಿ ಬರುತ್ತದೆ. ಅನಾಲಿಟಿಕ್ಸ್‌ನ ಟೈಮ್ ಝೋನ್ ಇಂದು ತಿದ್ದಿದರೆ ಹಳೆಯ ಅಂಕಿಗಳು ತಿದ್ದಿಕೊಳ್ಳುವುದಿಲ್ಲ, ಮುಂದಿನವಷ್ಟೇ.

ಯಾವ ಪದವನ್ನು ಜನ ಎಷ್ಟು ಹುಡುಕಿದರೆಂದು ತೋರಿಸುವ ಗೂಗಲ್ ಟ್ರೆಂಡ್ಸ್ ಏಳು ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ ನಿಮ್ಮ ಕಂಪ್ಯೂಟರಿನ ವೇಳೆ ಹಿಡಿಯುತ್ತದೆ, ಮೂವತ್ತು ದಿನ ದಾಟಿದರೆ ಯುಟಿಸಿ. ಎರಡೂ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಏರಿಳಿತ ಹೋಲಿಸಬೇಡಿ.

ಹಳೆಯ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನಿನ ವಿಳಾಸದಲ್ಲಿರುವ 14 ಅಂಕಿಗಳೂ ಯುಟಿಸಿಯವೇ. 20260320013000 ಎಂದಿದ್ದರೆ ಆ ಪುಟ ಸೆರೆಯಾದದ್ದು ನಮ್ಮ ಮಾರ್ಚ್ 20ರ ಬೆಳಿಗ್ಗೆ 7 ಗಂಟೆಗೆ. ಗಿಟ್‌ಹಬ್ ಎಂಬ ಕೋಡ್ ತಾಣದ ಹುಡುಕಾಟ ಈ ವಿಷಯದಲ್ಲಿ ಸಭ್ಯವಾದದ್ದು: ದಿನಾಂಕ, ಗಂಟೆಯ ಕೊನೆಗೆ +05:30 ಅಂಟಿಸಿದರೆ ನಮ್ಮ ವೇಳೆಯನ್ನೇ ಒಪ್ಪುತ್ತದೆ.

ಸರ್ವರ್ ಲಾಗ್ ಹುಡುಕುವವರಿಗೆ ಕಿಬಾನಾ ಪರಿಚಿತ. ಒಳಗೆ ಯುಟಿಸಿಯಲ್ಲಿ ಕೂಡಿಟ್ಟು ಬ್ರೌಸರಿನ ವೇಳೆಯಲ್ಲಿ ತೋರಿಸುವುದು ಅದರ ಪದ್ಧತಿ. ಹುಬ್ಬಳ್ಳಿಯ ಸಹೋದ್ಯೋಗಿ ಮತ್ತು ಡಲ್ಲಾಸಿನ ಸಹೋದ್ಯೋಗಿ ಒಂದೇ ದೋಷವನ್ನು ಬೇರೆ ಬೇರೆ ಗಂಟೆಯಲ್ಲಿ ಕಾಣುತ್ತಾರೆ. ಸ್ಕ್ರೀನ್‌ಶಾಟ್ ಕಳಿಸಿದಾಗ ಜಗಳ ಶುರು. ತಂಡಕ್ಕೆಲ್ಲ ಒಂದೇ ಟೈಮ್ ಝೋನನ್ನು, ಅದೂ ಯುಟಿಸಿಯನ್ನು, ಸೆಟ್ಟಿಂಗಿನಲ್ಲಿ ಕಟ್ಟಿಹಾಕುವುದು ಒಳ್ಳೆಯದು. ಕಿಬಾನಾದ ಹಿಂದಿರುವ ಮಾಹಿತಿಕೋಶ ಎಲಾಸ್ಟಿಕ್‌ಸರ್ಚಿನಲ್ಲಿ ದಿನವಾರು ಎಣಿಕೆ ಮಾಡುವಾಗ ಕ್ಯಾಲೆಂಡರ್ ಇಂಟರ್ವಲ್ ಎಂದರೆ ಆ ಊರಿನ ನಿಜವಾದ ದಿನ, ಅದು 23 ಅಥವಾ 25 ತಾಸಿನದೂ ಆಗಬಹುದು. ಫಿಕ್ಸೆಡ್ ಇಂಟರ್ವಲ್ ಎಂದರೆ ಯಾವಾಗಲೂ 24. ಅಮೆರಿಕದ ಗ್ರಾಹಕರಿಗೆ ದಿನದ ವರದಿ ಕೊಡುವವರು ಮೊದಲನೆಯದನ್ನು ಬಳಸಿ, ಟೈಮ್ ಝೋನ್ ಹೆಸರನ್ನೂ ಜೊತೆಗೆ ಕೊಡಬೇಕು. ಹಳೆಯ ಸರ್ವರೊಂದು ನ್ಯೂಯಾರ್ಕಿನ ಸ್ಥಳೀಯ ವೇಳೆಯಲ್ಲೇ ಲಾಗ್ ಬರೆಯುತ್ತಿದ್ದರೆ 2026ರ ನವೆಂಬರ್ 1ರಂದು ನಮ್ಮ ಬೆಳಿಗ್ಗೆ 10:30ರಿಂದ ಮಧ್ಯಾಹ್ನ 12:30ರವರೆಗಿನ ಎರಡು ತಾಸಿನ ಸಾಲುಗಳೆಲ್ಲ 1:00ರಿಂದ 1:59ರ ನಡುವೆ ಒಂದರ ಮೇಲೊಂದು ಬಿದ್ದಿರುತ್ತವೆ. ಅಂತರ ಬರೆದಿರದಿದ್ದರೆ ಬಿಡಿಸಲು ಬರುವುದಿಲ್ಲ.

ಸುದ್ದಿತಾಣ ನಡೆಸುವವರು ತಮ್ಮ ಕಡೆಯದನ್ನೂ ಸರಿಮಾಡಿಕೊಳ್ಳಬೇಕು. ವರ್ಡ್‌ಪ್ರೆಸ್ ಹೊಸದಾಗಿ ಹಾಕಿದಾಗ ವೇಳೆ ಯುಟಿಸಿಯಲ್ಲಿರುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಕೋಲ್ಕತ್ತಾ ಆರಿಸದಿದ್ದರೆ ಬೆಳಿಗ್ಗೆ 4ರ ಸುದ್ದಿಗೆ ನಿನ್ನೆಯ ತಾರೀಖು ಬೀಳುತ್ತದೆ. ಪುಟದೊಳಗಿನ ಪ್ರಕಟಣೆಯ ದಿನಾಂಕಕ್ಕೆ +05:30 ಸೇರಿಸದಿದ್ದರೆ ಗೂಗಲ್ ಪುಟಗಳನ್ನು ಓದುವ ತನ್ನ ಬಾಟ್ ಬಳಸುವ ಟೈಮ್ ಝೋನನ್ನೇ ಅನ್ವಯಿಸುತ್ತದೆ. ಹುಡುಕಾಟದಲ್ಲಿ ನಿಮ್ಮ ಸುದ್ದಿ ಎಷ್ಟು ತಾಸು ಹಳೆಯದೆಂದು ತೋರಿಸುವುದು ಅಲ್ಲಿಂದಲೇ ಕೆಡಬಹುದು.

ಪಂಚಾಂಗ

ಆನ್‌ಲೈನ್ ಪಂಚಾಂಗವೂ ಒಂದು ಹುಡುಕಾಟ ಸಾಧನವೇ, ಅದರ ತೊಡಕು ಎರಡು ಪಟ್ಟು. ಗಡಿಯಾರದ ಜೊತೆಗೆ ಅದಕ್ಕೆ ಆಯಾ ಊರಿನ ಸೂರ್ಯೋದಯ ಬೇಕು. ಹುಬ್ಬಳ್ಳಿ ಸುಮಾರು 75.1 ಡಿಗ್ರಿ ರೇಖಾಂಶದಲ್ಲಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಹೆಚ್ಚುಕಡಿಮೆ ಅರ್ಧ ತಾಸು ಹಿಂದೆ. ಬೇರೆ ಊರಿಗೆ ಲೆಕ್ಕ ಹಾಕಿದ ರಾಹುಕಾಲ ಇಲ್ಲಿಗೆ ಸರಿಹೊಂದುವುದಿಲ್ಲ; ಸೋಮವಾರ 7:30ರಿಂದ 9 ಎಂಬ ಬಾಯಿಪಾಠ 6ಕ್ಕೆ ಸೂರ್ಯ ಹುಟ್ಟಿ 6ಕ್ಕೆ ಮುಳುಗುವ ದಿನಕ್ಕೆ ಮಾತ್ರ. ಪುಟ ತೆರೆದ ಕೂಡಲೇ ಮೇಲ್ಗಡೆ ಯಾವ ಊರು ಇದೆ ನೋಡಿ, ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ನಿಮ್ಮದು ಯಾವುದೋ ಅದಕ್ಕೆ ಬದಲಿಸಿಕೊಳ್ಳಿ.

ಹೊರದೇಶದ ಬಂಧುಗಳು ಇಲ್ಲಿಯ ಪುಟವನ್ನು ನೋಡಿ ಗಂಟೆ ಕಳೆಯುವುದು ತಿಥಿಯ ಮಟ್ಟಿಗೆ ನಡೆಯುತ್ತದೆ. ತಿಥಿ ಮುಗಿಯುವ ಗಳಿಗೆ ಜಗತ್ತಿಗೆಲ್ಲ ಒಂದೇ, ನ್ಯೂಜೆರ್ಸಿಯವರು ಕಾಲ ನೋಡಿ 10:30 ಅಥವಾ 9:30 ಕಳೆದರಾಯಿತು. ರಾಹುಕಾಲಕ್ಕೆ, ಸೂರ್ಯೋದಯ ಹಿಡಿದು ಆಚರಿಸುವ ಏಕಾದಶಿಗೆ ಅದು ನಡೆಯದು, ಅವರ ಊರನ್ನೇ ಹಾಕಬೇಕು. ಏಕಾದಶಿ ಒಂದು ದಿನ ಆಚೀಚೆ ಆಗುವುದೂ ಉಂಟು. ಹಾಗೆ ಊರು ಹಾಕಿದ ಮೇಲೆ ಆ ಪುಟ ಬೇಸಿಗೆ ವೇಳೆ ಸೇರಿಸಿದೆಯೇ ಎಂದು ಪರೀಕ್ಷಿಸಲು ಪುಟದ ಸೂರ್ಯೋದಯವನ್ನು ಅಲ್ಲಿಯ ಹವಾಮಾನ ಆ್ಯಪಿನ ಸೂರ್ಯೋದಯಕ್ಕೆ ಹೋಲಿಸಿ. ಒಂದೆರಡು ನಿಮಿಷದ ವ್ಯತ್ಯಾಸ ಲೆಕ್ಕದ ಪದ್ಧತಿಯದು, ಸರಿಯಾಗಿ ಒಂದು ತಾಸಿನದಾದರೆ ಆ ಪುಟದ ಉಳಿದೆಲ್ಲ ವೇಳೆಗಳಿಗೂ ಒಂದು ತಾಸು ಕೂಡಿಸಿಕೊಳ್ಳಿ.